ಕ್ಯೂಬುಗಳ ಕೋಣೆ

ಹೆದರಿಕೆಗೆ ಯಾರಾದರೂ ಸಂಬಳ ಕೊಡುವುದಿದ್ದರೆ ಅವಳು ಇಷ್ಟು ಹೊತ್ತಿಗೆ ಮೂರು ಮನೆ ಕಟ್ಟಿಸಿರುತ್ತಿದ್ದಳು. ಒಂದು ಲೆಕ್ಕದಲ್ಲಿ ಕೊಡುತ್ತಲೂ ಇದ್ದರು ಅನ್ನಿ. ಕಟ್ಟಡದ ತೊಲೆ, ಕಂಬ, ಚಾವಣಿ ಎಷ್ಟು ದಪ್ಪ ಇರಬೇಕು, ಒಳಗೆ ಎಷ್ಟು ಕಂಬಿ ಕೂರಬೇಕು ಎಂದು ಲೆಕ್ಕ ಹಾಕುವ ಇಂಜಿನಿಯರು ಅವಳು. ಲೆಕ್ಕವೆಲ್ಲ ಮುಗಿದು, ತಾಳೆ ನೋಡಿ, ಎಲ್ಲ ಸರಿಯಿದೆ ಎಂದು ಗೊತ್ತಾದ ಮೇಲೂ ಮನಸ್ಸು ತಡೆಯುತ್ತಿರಲಿಲ್ಲ. "ಯಾವುದಕ್ಕೂ ಇರಲಿ, ಇನ್ನೊಂದು ಕಂಬಿ ಹಾಕಿಬಿಡಿ" ಎನ್ನುವಳು. ಹಾಗಾಗಿ ಆಫೀಸಿನಲ್ಲಿ, ಸೈಟಿನಲ್ಲಿ, ಕೊನೆಗೆ ಸಿಮೆಂಟ್ ಅಂಗಡಿಯಲ್ಲೂ ಅವಳ ಹೆಸರು ಇನ್ನೊಂದು ಕಂಬಿ ಮೇಡಂ.

ಮನೆಯಲ್ಲೂ ಅಷ್ಟೇ. ಮಲಗುವ ಮುಂಚೆ ಗ್ಯಾಸ್ ಆರಿಸಿದೆಯಾ ಎಂದು ನೋಡಿ ಬಂದವಳು, ಹಾಸಿಗೆಗೆ ಬಿದ್ದ ಮೇಲೆ ಮತ್ತೆ ಎದ್ದು ಹೋಗಿ ನೋಡುವಳು. ಮಗಳ ಸ್ಕೂಲ್ ವ್ಯಾನು ಸ್ವಲ್ಪ ತಡವಾದರೆ ಗೇಟಿಗೆ ಅಂಟಿಕೊಂಡು ನಿಂತಿರುವಳು. ಇಲಿ ಹೋದರೆ ಹುಲಿ ಹೋಯಿತು ಅನ್ನುವವಳು ಎಂದು ನೆಂಟರೆಲ್ಲ ತೀರ್ಪು ಕೊಟ್ಟು ಕೈ ತೊಳೆದುಕೊಂಡಿದ್ದರು. ಅವಳೂ ಅದನ್ನು ಒಪ್ಪಿಕೊಂಡಿದ್ದಳು. ಇದರಿಂದ ಆದ ದೊಡ್ಡ ನಷ್ಟವೆಂದರೆ, ನಿಜಕ್ಕೂ ಹೆದರಬೇಕಾದ್ದು ಯಾವುದು, ಸುಮ್ಮನೆ ಎದೆ ಹೊಡೆದುಕೊಳ್ಳುವುದು ಯಾವುದು ಎಂಬ ವ್ಯತ್ಯಾಸವೇ ಅವಳಿಗೆ ತಿಳಿಯದೆ ಹೋಗಿತ್ತು.

ಸೋದರಮಾವ ಇದಕ್ಕೆ ತದ್ವಿರುದ್ಧ. ಊರಿನ ನೀರಿನ ಟ್ಯಾಂಕು, ಬಸ್ ನಿಲ್ದಾಣ, ಹೊಳೆಯ ಮೇಲಿನ ಸೇತುವೆ ಎಲ್ಲದರ ಲೆಕ್ಕವೂ ಅವರದೇ. ಗಟ್ಟಿ ಗುಂಡಿಗೆಯ ಆಸಾಮಿ. ಅವಳ ಅಪ್ಪ ತೀರಿಕೊಂಡ ಮೇಲೆ ಅವಳನ್ನು ತಮ್ಮ ಮನೆಗೆ ಕರೆತಂದು, ಡ್ರಾಯಿಂಗ್ ಬೋರ್ಡಿನ ಪಕ್ಕದಲ್ಲೇ ಸ್ಟೂಲ್ ಹಾಕಿ ಕೂರಿಸಿ, ಕೂಡುವುದು ಕಳೆಯುವುದರಿಂದ ಹಿಡಿದು ತೊಲೆಯ ಲೆಕ್ಕದವರೆಗೆ ಕಲಿಸಿದವರು ಅವರೇ. ತಪ್ಪಿದರೆ ಬೈಯುತ್ತಿರಲಿಲ್ಲ, ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ನೋಡುತ್ತಿದ್ದರು. ಆ ನೋಟಕ್ಕೆ ಅವಳು ಈಗಲೂ, ತನಗೇ ಒಬ್ಬ ಮಗಳಿರುವಾಗಲೂ, ನಡುಗುತ್ತಿದ್ದಳು. ಅವಳ ಇನ್ನೊಂದು ಕಂಬಿ ಕಂಡರೆ ಮಾವನಿಗೆ ನಗು. "ನಿನ್ನ ಕಟ್ಟಡ ಬೀಳಲ್ಲ ಕಣೇ. ಬಿಲ್ ನೋಡಿ ಮಾಲೀಕ ಬೀಳ್ತಾನೆ" ಎನ್ನುತ್ತಿದ್ದರು.

ಊರಿನ ಇಂಜಿನಿಯರುಗಳ ಸಂಘಕ್ಕೆ ಮಾವನೇ ಅಧ್ಯಕ್ಷರು. ಬಹಳ ವರ್ಷದಿಂದ ಅವರೇ, ಬೇರೆಯವರು ನಿಲ್ಲುವ ಧೈರ್ಯ ಮಾಡಿಲ್ಲ. ಈ ಸಂಘ ಮಾಡುವ ಕೆಲಸ ಏನು ಅಂತೀರೋ, ತಿಂಗಳಿಗೊಂದು ಭಾಷಣ ಇಡಿಸಿ ಸದಸ್ಯರೆಲ್ಲ ಕೂತು ತೂಕಡಿಸುವುದು. ಮಕ್ಕಳಿಗೆ ಐಸ್‌ಕ್ಯಾಂಡಿ ಕಡ್ಡಿಗಳಲ್ಲಿ ಸೇತುವೆ ಕಟ್ಟುವ ಸ್ಪರ್ಧೆ ಇಡುವುದು. ಹಳೇ ಕಟ್ಟಡಗಳನ್ನು ಬಿಟ್ಟಿಯಾಗಿ ಪರೀಕ್ಷಿಸಿ, ಇದು ಇರಬಹುದು, ಇದು ಬೀಳುತ್ತದೆ, ಎದ್ದು ಹೋಗಿ ಎಂದು ಹೇಳುವುದು. ಹಿಂದಿನ ತಿಂಗಳು ಒಂದು ಶಾಲೆಯನ್ನೇ ಖಾಲಿ ಮಾಡಿಸಿದ್ದರು. ಮತ್ತೊಂದು ಮುಖ್ಯ ಕೆಲಸವಿತ್ತು. ಹಿರಿಯ ಸದಸ್ಯರ ಮುಂದೆ ಕೂತು, ಅವರ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ ಪಾಸಾದವರಿಗೆ ಸಂಘ ಪ್ರಮಾಣಪತ್ರ ಕೊಡುತ್ತಿತ್ತು. ಅದಿದ್ದರೆ ನಿಮ್ಮ ನಕ್ಷೆಗೆ ನೀವೇ ಸಹಿ ಹಾಕಬಹುದು. ಇಲ್ಲದಿದ್ದರೆ ಜನ್ಮವಿಡೀ ಬೇರೆಯವರ ಸಹಿಯ ಕೆಳಗೆ ದುಡಿಯಬೇಕು. ಅವಳ ಜೊತೆಯವರಿಗೆಲ್ಲ ಅದು ಸಿಕ್ಕಿ ಎಷ್ಟೋ ಕಾಲವಾಗಿತ್ತು. ಅವಳು ಹೆದರಿ ಹೆದರಿ, ಮುಂದಿನ ವರ್ಷ ಮುಂದಿನ ವರ್ಷ ಎನ್ನುತ್ತ, ಕೊನೆಗೆ ಈ ಸಲ ಕಣ್ಣು ಮುಚ್ಚಿಕೊಂಡು ಹೋಗಿ ಕೂತು ಪಾಸಾಗಿದ್ದಳು.

ಪ್ರಮಾಣಪತ್ರ ಸಿಗುವ ದಿನ ಸಂಘದಲ್ಲಿ ಒಂದು ಪದ್ಧತಿ. ಕಾಂಕ್ರೀಟ್ ಹಾಕುವಾಗ ಅದರಲ್ಲೇ ಸ್ವಲ್ಪ ತೆಗೆದು ಕಬ್ಬಿಣದ ಅಚ್ಚಿಗೆ ತುಂಬಿ, ಚೋಟುದ್ದದ ಚೌಕ ಗಟ್ಟಿ ಮಾಡುತ್ತಾರೆ. ಅದಕ್ಕೆ ಕ್ಯೂಬು ಎನ್ನುತ್ತಾರೆ. ಯಂತ್ರಕ್ಕೆ ಕೊಟ್ಟು ಒಡೆದು ಕಾಂಕ್ರೀಟ್ ಗಟ್ಟಿಯಿದೆಯೇ ಎಂದು ನೋಡುವುದಕ್ಕೆ ಅದು. ಹೊಸ ಸದಸ್ಯ ತನ್ನ ಕೆಲಸದ ಒಂದು ಕ್ಯೂಬನ್ನು ಒಡೆಸದೆ ಉಳಿಸಿ, ಹೆಸರು ಬರೆಸಿ, ಸಂಘದ ಮಹಡಿ ಕೋಣೆಯಲ್ಲಿ ಇಡಬೇಕು. ಎಲ್ಲ ಸದಸ್ಯರೂ ಒಟ್ಟಿಗೆ ಮೇಲೆ ಹತ್ತಿ, ಸುತ್ತ ನಿಂತು, ಚಪ್ಪಾಳೆ ತಟ್ಟಿ, ಕಾಲಲ್ಲಿ ನೆಲ ಕುಟ್ಟಿ ಗದ್ದಲ ಮಾಡುತ್ತಾರೆ. ಆಮೇಲೆ ದೊಡ್ಡ ಕೆಲಸ ಮುಗಿದಾಗಲೆಲ್ಲ ಮತ್ತೊಂದು ಕ್ಯೂಬು. ಒಂದು ಕ್ಯೂಬು ಅಂದರೆ ಒಂಬತ್ತು ತಿಂಗಳ ಕೂಸಿನ ತೂಕ, ಅದೇನು ಮಹಾ ಎಂದು ಪ್ರತಿಯೊಬ್ಬರೂ ತಂದಿಟ್ಟರು. ಹನಿಹನಿ ಕೂಡಿದರೆ ಹಳ್ಳ ಎಂಬುದು ಒಂದನೇ ತರಗತಿಯ ಪಾಠ. ಊರಿನ ಇಷ್ಟೂ ಇಂಜಿನಿಯರುಗಳಲ್ಲಿ ಒಬ್ಬರೂ ಅದು ತಮ್ಮ ತಲೆಯ ಮೇಲಿನ ಕೋಣೆಗೂ ಅನ್ವಯಿಸುತ್ತದೆ ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ. ಮಾವ ಪ್ರಾಯದಲ್ಲಿ ಆ ಕಟ್ಟಡದ ಲೆಕ್ಕ ಹಾಕಿದಾಗ ಮೇಲಿನದು ಓದುವ ಕೋಣೆ, ಒಂದೆರಡು ಮೇಜು, ನಾಲ್ಕು ಕುರ್ಚಿ, ಪೇಪರ್ ಓದುವ ನಾಲ್ಕು ಜನ. ಅಷ್ಟಕ್ಕೇ ಲೆಕ್ಕ.

ಆ ಮಧ್ಯಾಹ್ನ ಅವಳು ಮಗಳನ್ನು ಕರೆದುಕೊಂಡು ಬೇಗನೇ ಹೋದಳು. ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿ, ಬರುವಂತಿರಲಿಲ್ಲ. ಮಗಳ ಕೈಯಲ್ಲಿ ಅವಳೇ ಕಟ್ಟಿದ ಕಡ್ಡಿ ಸೇತುವೆ, ಅಮ್ಮನ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಕ್ಯೂಬು. ಬಾಗಿಲಲ್ಲೇ ಕಾರ್ಯದರ್ಶಿ ಸಿಕ್ಕ. ಹೊಸದಾಗಿ ಆರಿಸಿ ಬಂದ ರಸ್ತೆ ಇಂಜಿನಿಯರು. ಒಳ್ಳೆಯವನು, ಆದರೆ ಉತ್ಸಾಹ ಉಕ್ಕಿ ಸುರಿಯುವ ಜಾತಿ.

"ಬನ್ನಿ ಮೇಡಂ, ಬನ್ನಿ! ಇವತ್ತು ನಿಮ್ಮ ಮಾವನಿಗೆ ಒಂದು ಸರ್‌ಪ್ರೈಸ್ ಇಟ್ಟಿದೀನಿ. ಎರಡು ವರ್ಷದಿಂದ ಹೊಸ ಕ್ಯೂಬೆಲ್ಲ ಮೆಟ್ಟಿಲ ಕೆಳಗೇ ಬಿದ್ದಿದ್ವಲ್ಲ? ಬಣ್ಣ ಹೊಡೀಬೇಕು, ರ‍್ಯಾಕ್ ಬರಬೇಕು ಅಂತ ಸರ್ ಮುಂದಕ್ಕೆ ಹಾಕ್ತಾನೇ ಇದ್ರು, ಎಲ್ಲರೂ ಮೇಲೆ ಹತ್ತೋದೂ ನಿಂತುಹೋಗಿತ್ತು. ನಾನು ಬೆಳಿಗ್ಗೆ ಆಳು ಕರೆಸಿ ಅಷ್ಟನ್ನೂ ಮೇಲೆ ಹತ್ತಿಸಿಬಿಟ್ಟೆ! ನಡುವಲ್ಲಿ ಹೊಸ ಕಬ್ಬಿಣದ ರ‍್ಯಾಕು. ಹೋಗಿ ನೋಡಿ, ಕಣ್ಣು ತುಂಬುತ್ತೆ."

ಅವಳು ನಕ್ಕು, ಕ್ಯೂಬನ್ನು ಮೇಜಿನ ಮೇಲಿಟ್ಟು, ನೋಡಿ ಬರಲು ಮೆಟ್ಟಿಲು ಹತ್ತಿದಳು. ಮೆಟ್ಟಿಲು ತಿರುಗುವ ಕಡೆ, ಸಭಾಂಗಣದ ಅಡ್ಡಕ್ಕೆ ಬರುವ ದೊಡ್ಡ ತೊಲೆ ಗೋಡೆಗೆ ಕೂರುವ ಜಾಗ ಕೈಗೆಟಕುವ ಹಾಗಿದೆ. ಅಲ್ಲಿ 'ನಿಶ್ಶಬ್ದವಾಗಿರಿ' ಎಂಬ ರಟ್ಟಿನ ಫಲಕ ಒಂದು ಮೊಳೆಗೆ ಮಾತ್ರ ನೇತು ವಾಲಿಕೊಂಡಿತ್ತು. ವಾಲಿದ್ದನ್ನು ಕಂಡರೆ ನೆಟ್ಟಗೆ ಮಾಡದೆ ಅವಳಿಗೆ ಸಮಾಧಾನವಿಲ್ಲ. ಫಲಕ ಎತ್ತಿದಳು.

ಹಿಂದೆ ತೊಲೆಯಲ್ಲಿ ಒಂದು ಓರೆ ಬಿರುಕು. ಬಿರುಕಿನ ಮೇಲೆ ಅಡ್ಡಲಾಗಿ ಸಿಮೆಂಟಿನಲ್ಲಿ ಅಂಟಿಸಿದ ಬೆರಳಗಲದ ಗಾಜಿನ ಪಟ್ಟಿ. ಹಳೇ ಇಂಜಿನಿಯರುಗಳ ಉಪಾಯ ಅದು: ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಗಾಜು ಅಂಟಿಸಿಡುತ್ತಾರೆ, ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುಂಡಗಿನ ಅಕ್ಷರದ ತಾರೀಖು, ಎರಡು ವರ್ಷದ ಹಿಂದಿನದು. ಆ ಅಕ್ಷರ ನೋಡಿಯೇ ಅವಳು ಅಂಕಿ ಬರೆಯಲು ಕಲಿತಿದ್ದಳು.

ಗಾಜು ಒಡೆದಿತ್ತು. ಒಡೆದ ಅಂಚು ಹೊಸದು, ಧೂಳು ಕೂಡ ಕೂತಿರಲಿಲ್ಲ.

ಪರ್ಸಿನಿಂದ ವಿಸಿಟಿಂಗ್ ಕಾರ್ಡ್ ತೆಗೆದಳು. ಇವತ್ತಿನ ದಿನಕ್ಕೆಂದು ಹೊಸದಾಗಿ ಮಾಡಿಸಿದ್ದು. ಅದರ ಅಂಚನ್ನು ಬಿರುಕಿಗೆ ತೂರಿದಳು. ಯಾವ ತಡೆಯೂ ಇಲ್ಲದೆ ಅರ್ಧ ಕಾರ್ಡು ಒಳಗೆ ಹೋಯಿತು. ನಡುವೆ ಬಾಗುವ ತೊಲೆಗೆ ಯಾರೂ ಅಷ್ಟು ಹೆದರುವುದಿಲ್ಲ. ಅದು ಬಾಗಿ, ಬಿರಿದು, ಹೇಳಿ ಕೇಳಿ ಬೀಳುತ್ತದೆ. ಗೋಡೆಯ ಪಕ್ಕ ಓರೆಯಾಗಿ ಸೀಳುವ ತೊಲೆ ಹಾಗಲ್ಲ. ಅದು ಹೇಳದೆ ಬೀಳುತ್ತದೆ. ಈ ಪಾಠವನ್ನೂ ಅವಳಿಗೆ ಮಾವನೇ ಮಾಡಿದ್ದರು.

ಮೇಲೆ ಹೋಗಲಿಲ್ಲ. ಗೋಡೆ ಹಿಡಿದು ಇಳಿದಳು. ಒಂದೊಂದು ಮೆಟ್ಟಿಲಿಗೂ, ನನ್ನದು ಯಾವಾಗಲೂ ಇದೇ ಹಣೆಬರಹ, ಹಗ್ಗ ಕಂಡರೆ ಹಾವು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಆ ಅಕ್ಷರ ಅವಳದಲ್ಲವಲ್ಲ. ಯಾವುದಕ್ಕೂ ಹೆದರದ ಮನುಷ್ಯ ಗಾಜು ಅಂಟಿಸಿ, ಮೇಲೆ ಫಲಕ ಮುಚ್ಚಿಟ್ಟಿದ್ದರು. ಅದು ಅವಳನ್ನು ಬಿರುಕಿಗಿಂತ ಹೆಚ್ಚು ಹೆದರಿಸಿತು.

ಮಾವ ಸಮಿತಿಯ ಕೋಣೆಯಲ್ಲಿ ಒಬ್ಬರೇ ಕೂತು ಭಾಷಣದ ಹಾಳೆ ತಿರುವುತ್ತಿದ್ದರು. ಮೇಜಿನ ಮೇಲೆ ಅವಳ ಪ್ರಮಾಣಪತ್ರ ಸಹಿಗೆ ಕಾದಿತ್ತು.

"ಮಾವ, ಗಾಜು ಒಡೆದಿದೆ."

ಯಾವ ಗಾಜು ಎಂದು ಅವರು ಕೇಳಲಿಲ್ಲ. ಹಾಳೆ ತಿರುವುತ್ತಿದ್ದ ಕೈ ನಿಂತಿತು.

"ಯಾವಾಗ ನೋಡಿದೆ?"

"ಈಗಲೇ. ಬೆಳಿಗ್ಗೆ ಕಾರ್ಯದರ್ಶಿ ಮೆಟ್ಟಿಲ ಕೆಳಗಿನ ಕ್ಯೂಬೆಲ್ಲ ಮೇಲೆ ಇಡಿಸಿದಾನೆ. ನಡುವಲ್ಲಿ ಹೊಸ ರ‍್ಯಾಕ್ ಹಾಕಿ."

ಮಾವ ಕಣ್ಣು ಮುಚ್ಚಿದರು. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಲೆಕ್ಕ ಮುಗಿದಾಗ ಅವರ ಮುಖ ಸುಣ್ಣ ಬಳಿದ ಹಾಗಾಗಿತ್ತು.

"ಬಾಗಿಲು ಹಾಕು" ಎಂದರು. "ಎರಡು ವರ್ಷ ನಿಂತಿದೆ ತಾನೆ? ಇವತ್ತೊಂದು ಸಂಜೆ ನಿಲ್ಲುತ್ತೆ. ನಾಳೆ ನಾನೇ ಆಳು ಕರೆಸಿ, ಯಾರಿಗೂ ಗೊತ್ತಾಗದ ಹಾಗೆ ಅಷ್ಟನ್ನೂ ಕೆಳಗಿಳಿಸ್ತೀನಿ."

"ಕೆಳಗೆ ಮಕ್ಕಳು ಕೂತಿರ್ತಾರೆ ಮಾವ. ನಮ್ಮ ಪುಟ್ಟೀನೂ ಇದಾಳೆ. ಆಮೇಲೆ ಸದಸ್ಯರೆಲ್ಲ ಮೇಲೆ ಹತ್ತಿ ನೆಲ ಕುಟ್ಟುತ್ತಾರೆ..."

"ಮೇಲೆ ಹತ್ತೋದನ್ನ ನಾನು ತಪ್ಪಿಸ್ತೀನಿ. ಮಂಡಿ ನೋವು ಅಂತೀನಿ, ಹೊತ್ತಾಯ್ತು ಅಂತೀನಿ, ಏನೋ ಒಂದು ಹೇಳ್ತೀನಿ."

"ಎಲ್ಲರಿಗೂ ಹೇಳಿ ಹೊರಗೆ ಕಳಿಸೋಣ."

"ಏನಂತ ಹೇಳ್ತೀಯ?" ಮಾವ ದನಿ ಎತ್ತಲಿಲ್ಲ, ತಗ್ಗಿಸಿದರು. "ಹೋದ ತಿಂಗಳಷ್ಟೇ ಆ ಶಾಲೆ ಖಾಲಿ ಮಾಡಿಸಿದೀವಿ. ಆ ಹೆಡ್‌ಮಾಸ್ಟರು ಅಂಗಲಾಚಿ ಕೇಳಿಕೊಂಡ್ರು, ನಾನು ಬಗ್ಗಲಿಲ್ಲ. ಈಗ ನಮ್ಮ ಸಭಾಂಗಣಾನೇ ಹೀಗೆ ಅಂದ್ರೆ? ತಮ್ಮ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದೆ, ಊರವರ ತಟ್ಟೆ ನೊಣ ಹುಡುಕ್ತಾರೆ ಅಂತ ಮುಖಕ್ಕೆ ಉಗೀತಾರೆ. ಆಮೇಲೆ ನಾವು ಬೀಳುತ್ತೆ ಅಂದ ಯಾವ ಮನೆಯಿಂದ ಯಾರು ಎದ್ದು ಹೋಗ್ತಾರೆ ಹೇಳು." ಸ್ವಲ್ಪ ತಡೆದು, ಅವಳ ಕಡೆ ನೋಡದೆ, "ಈ ಪತ್ರಕ್ಕೆ ನಾನಿನ್ನೂ ಸಹಿ ಹಾಕಿಲ್ಲ" ಎಂದರು.

ಹೇಳಿದ್ದು ತಮ್ಮ ಬಾಯಿಂದ ಬಂತೇ ಎಂದು ಅವರಿಗೇ ಆಶ್ಚರ್ಯವಾದಂತಿತ್ತು. ಪೆನ್ನು ತೆಗೆದು ಅಲ್ಲೇ ಸಹಿ ಹಾಕಿದರು. ಕೈ ನಡುಗಿ ಸಹಿ ಸೊಟ್ಟಗಾಯಿತು. ಅವಳು ಹುಟ್ಟಿದಾಗಿನಿಂದ ಕಂಡ ಮಾವನ ಕೈ ಒಂದು ಸಲವೂ ನಡುಗಿದ್ದಿಲ್ಲ. ಅವಳು ಹೊರಗೆ ಬಂದಳು. ಅವರಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಬಾಗಿಲಾಚೆ ಬಂದಾಗ ಸಭಾಂಗಣ ತುಂಬಿಹೋಗಿತ್ತು.

ವೇದಿಕೆಯ ಮೇಲೆ ಅವಳನ್ನು ಮಾವನ ಪಕ್ಕದಲ್ಲೇ ಕೂರಿಸಿದರು. ಮಡಿಲಲ್ಲಿ ಕ್ಯೂಬು. ವೇದಿಕೆಯ ಮುಂದೆ ಜಮಖಾನ ಹಾಸಿ ಮಕ್ಕಳು ಕೂತಿದ್ದರು, ಅವರ ಹಿಂದೆ ಕುರ್ಚಿಗಳಲ್ಲಿ ಅಪ್ಪ ಅಮ್ಮಂದಿರು, ಸದಸ್ಯರು. ಆ ತೊಲೆ ಸರಿಯಾಗಿ ಜಮಖಾನದ ಮೇಲೇ ಹಾದುಹೋಗಿತ್ತು. ಮಗಳು ಮೊದಲ ಸಾಲಿನಲ್ಲಿ, ಸೇತುವೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಮ್ಮನ ಕಡೆ ನೋಡಿ ಹಲ್ಲು ಕಿರಿದಳು.

ಮೊದಲು ಮಕ್ಕಳ ಸ್ಪರ್ಧೆ. ಎರಡು ಮೇಜಿನ ನಡುವೆ ಕಡ್ಡಿ ಸೇತುವೆ ಇಟ್ಟು, ಅದಕ್ಕೆ ಬಕೆಟ್ ನೇತುಹಾಕಿ, ಮುರಿಯುವವರೆಗೂ ಮರಳು ಸುರಿಯುವುದು. ಯಾರದು ಹೆಚ್ಚು ತಡೆಯುತ್ತದೋ ಅವರಿಗೆ ಬಹುಮಾನ. ಎಂಥ ಆಟ ನೋಡಿ. ಮರಳು ಬೀಳುತ್ತ ಬೀಳುತ್ತ ಸಭೆಯೆಲ್ಲ ಉಸಿರು ಹಿಡಿದು ಕೂರುವುದು, ಚಟಾರ್ ಎಂದು ಮುರಿದ ಕೂಡಲೇ ಹೋ ಎಂದು ಚಪ್ಪಾಳೆ ತಟ್ಟುವುದು. ಮೊದಲ ಸೇತುವೆ ಮುರಿದ ಸದ್ದಿಗೆ ಅವಳು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಹಿಂದಿನ ಸಾಲಿನಿಂದ ಯಾರೋ "ಇನ್ನೊಂದು ಕಡ್ಡಿ ಹಾಕಬೇಕಿತ್ತು ಮೇಡಂ!" ಎಂದು ಕೂಗಿದರು. ಸಭೆ ನಕ್ಕಿತು. ಅವಳೂ ನಗಲು ನೋಡಿದಳು, ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತ್ತು.

ಕಣ್ಣು ತೊಲೆ ಬಿಟ್ಟು ಅಲುಗುತ್ತಿರಲಿಲ್ಲ. ಎದ್ದು ಕೂಗಿಬಿಡಲೇ? ಬೀಳದಿದ್ದರೆ ಊರಿಗೆಲ್ಲ ಹುಚ್ಚಿ. ನಾಳೆಯಿಂದ ಅವಳ ಸಹಿಗೆ ಮೂರು ಕಾಸಿನ ಬೆಲೆಯಿಲ್ಲ, ಮಾವನ ಮಾನ ಬೀದಿಪಾಲು. ಸುಮ್ಮನಿದ್ದು ಬಿದ್ದರೆ? ಆ ವಾಕ್ಯವನ್ನು ಮನಸ್ಸು ಮುಗಿಸಲೇ ಇಲ್ಲ. ಪಕ್ಕಕ್ಕೆ ತಿರುಗಿದಳು. ಮಾವನೂ ಮೇಲೆಯೇ ನೋಡುತ್ತಿದ್ದರು. ಅಷ್ಟರಲ್ಲಿ ಮಗಳು ತಲೆ ಕೆರೆದುಕೊಂಡಳು. ಅವಳ ಕಪ್ಪು ಕೂದಲಿನ ಮೇಲೆ, ಒಂದು ಚಿಟಿಕೆಯಷ್ಟು, ಬಿಳಿ ಹುಡಿ ಬಿದ್ದಿತ್ತು.

ಅದು ಹಳೇ ಸುಣ್ಣದ ಹುಡಿಯೂ ಇರಬಹುದಿತ್ತು. ಯಾವ ಕಟ್ಟಡದಲ್ಲಿ ಉದುರುವುದಿಲ್ಲ?

ಬಹುಮಾನಗಳಾದವು. ಮಾವ ಎದ್ದು ಪ್ರಮಾಣಪತ್ರ ಕೊಟ್ಟರು. ಮಂಡಿ ನೋವಿನ ಮಾತು ಎತ್ತಲು ಬಾಯಿ ತೆರೆದರು; ಅಷ್ಟರಲ್ಲಿ ಕಾರ್ಯದರ್ಶಿ ಮೈಕು ಕಿತ್ತುಕೊಂಡಾಗಿತ್ತು. "ಈಗ ಎಲ್ಲ ಸದಸ್ಯರೂ ಮೇಲೆ ನಡೀರಿ! ಈ ಸಲ ಮೇಲಿನ ಕೋಣೆಯಲ್ಲಿ ಅಧ್ಯಕ್ಷರಿಗೊಂದು ಸರ್‌ಪ್ರೈಸ್ ಇದೆ. ಮಕ್ಕಳೇ, ನೀವು ಇಲ್ಲೇ ಕೂತಿರಿ, ನಿಮಗೆ ಬಿಸ್ಕತ್ತು ಬರ್ತಾ ಇದೆ. ಅದಕ್ಕೆ ಮುಂಚೆ ಮೇಡಂ ಎರಡು ಮಾತಾಡ್ತಾರೆ."

ಕುರ್ಚಿಗಳು ಕಿರುಗುಟ್ಟಿದವು. ಕೆಲವರು ಆಗಲೇ ಮೆಟ್ಟಿಲ ಕಡೆ ಹೊರಟಿದ್ದರು. ಅವಳು ಕ್ಯೂಬು ಕೆಳಗಿಟ್ಟು ಮೈಕಿನ ಮುಂದೆ ನಿಂತಳು. ಬೀಳುತ್ತೆ ಓಡಿ ಎಂದರೆ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗುತ್ತಾರೆ, ತುಳಿತಕ್ಕೆ ಮೊದಲು ಸಿಗುವವರು ಜಮಖಾನದವರು. ಹೆದರುವವರಿಗೆ ಹೆದರಿದ ಜನ ಏನು ಮಾಡುತ್ತಾರೆ ಎಂಬುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

"ನನಗೊಂದು ಆಸೆ ಇದೆ" ಎಂದಳು. ದನಿ ಯಾರದೋ ಅನ್ನಿಸಿತು. "ಎಲ್ಲರ ಜೊತೆ ಒಂದು ಫೋಟೋ ಬೇಕು. ಬೆಳಕು ಹೋಗೋ ಮುಂಚೆ, ಹೊರಗೆ, ಎದುರಿನ ಮೈದಾನದಲ್ಲಿ. ಮಕ್ಕಳೇ, ಮೊದಲು ನೀವು. ಸಾಲಾಗಿ, ಓಡದೆ. ಬಿಸ್ಕತ್ತು ಅಲ್ಲೇ ಕೊಡ್ತೀವಿ."

"ಮೇಡಂ, ಮೊದಲು ಕ್ಯೂಬ್ ಇಟ್ಟು ಬಂದುಬಿಡೋಣ, ಫೋಟೋ ಆಮೇಲೆ" ಎಂದ ಕಾರ್ಯದರ್ಶಿ.

"ಬೇಡ."

ಅಷ್ಟು ಸಪಾಟಾಗಿ ಅವಳು ಯಾರಿಗೂ ಯಾವತ್ತೂ ಬೇಡ ಅಂದವಳಲ್ಲ. ಕಾರ್ಯದರ್ಶಿ ಕಕ್ಕಾಬಿಕ್ಕಿಯಾದ. "ಮೊದಲು ಫೋಟೋ. ಮೆಟ್ಟಿಲ ಹತ್ತಿರ ಇರೋರೂ ಬನ್ನಿ. ದಯವಿಟ್ಟು." ಬಿಸ್ಕತ್ತು ಎಂದ ಮೇಲೆ ಮಕ್ಕಳನ್ನು ತಡೆಯುವವರು ಯಾರು? ಎದ್ದು ಸಾಲಾದರು. ಮಕ್ಕಳು ಹೋದ ಕಡೆ ಅಪ್ಪ ಅಮ್ಮಂದಿರು, ಅವರು ಹೋದ ಕಡೆ ಗೊಣಗುತ್ತ ಸದಸ್ಯರು. ಅವಳು ಬಾಗಿಲಲ್ಲಿ ನಿಂತು ನಗುನಗುತ್ತ ಎಲ್ಲರನ್ನೂ ದಾಟಿಸಿದಳು. ಬೆನ್ನು ಬೆವರಿ ರವಿಕೆ ಅಂಟಿಕೊಂಡಿತ್ತು.

ಮೈದಾನಕ್ಕೆ ಬಂದು ಮಕ್ಕಳ ಮುಖ ಒಂದೊಂದಾಗಿ ನೋಡಿದಳು. ಮಗಳಿರಲಿಲ್ಲ.

ಮತ್ತೊಮ್ಮೆ ನೋಡಿದಳು. ಇಲ್ಲ. ಓಡಿದಳು. ಬಾಗಿಲ ಹತ್ತಿರ ಬಂದವಳಿಗೆ ಒಳಗೆ ಕಂಡಿದ್ದು ಇದು: ಮಾವ ವೇದಿಕೆಯಿಂದ ಇಳಿದು ಬಂದು, ಜಮಖಾನದ ಪಕ್ಕ, ತೊಲೆಯ ಸರಿಯಾಗಿ ಕೆಳಗೆ ಒಂದು ಕುರ್ಚಿ ಎಳೆದು ಕೂತಿದ್ದಾರೆ. ಮಗಳು ಅವರ ಕೈ ಹಿಡಿದು ಜಗ್ಗುತ್ತಿದ್ದಾಳೆ.

"ಅಮ್ಮ, ತಾತ ಬರಲ್ವಂತೆ! ಫೋಟೋ ಬೇಡ್ವಂತೆ."

"ಇವಳನ್ನ ಕರ್ಕೊಂಡು ಹೋಗು" ಎಂದರು ಮಾವ. ಅವರ ಮುಖ ನೋಡಿದ ಕೂಡಲೇ ಅವರು ಅಲ್ಲಿ ಯಾಕೆ ಕೂತಿದ್ದಾರೆ ಎಂದು ಅವಳಿಗೆ ತಿಳಿಯಿತು. ಬೀಳುವುದಾದರೆ ಅದು ಇನ್ಯಾರ ಮೇಲೂ ಬೇಡ, ಲೆಕ್ಕ ಹಾಕಿದವನ ಮೇಲೇ ಬೀಳಲಿ. ಹೊರಗೆ ಹೋಗಿ ಉತ್ತರ ಹೇಳುವುದಕ್ಕಿಂತ ಅದೇ ಸುಲಭ ಎಂದು ಕಂಡಿದೆ ಈ ಮನುಷ್ಯನಿಗೆ.

ಅವಳ ಕಾಲು ಹೊಸ್ತಿಲಿಗೆ ಅಂಟಿಹೋಯಿತು. ಒಳಗೆ ಮಗಳು, ಮೇಲೆ ತೊಲೆ. ಹೆತ್ತ ತಾಯಿಯಾಗಿ ಹಾರಿ ಹೋಗಬೇಕು, ಆದರೆ ಕಾಲು ಏಳುವುದಿಲ್ಲ. ತನ್ನ ಮೇಲೆ ಅವಳಿಗೆ ಅಸಹ್ಯವಾಯಿತು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು. ಹೆದರಿಕೆ ಹೋಯಿತೆಂದಲ್ಲ, ಅದನ್ನು ಹೊತ್ತುಕೊಂಡೇ ಹೋದಳು. ಹೋಗಿ ಮಗಳ ತೋಳು ಹಿಡಿದಳು.

"ಬಾ."

"ತಾತ ಬಂದ್ರೇನೇ ನಾನು ಬರೋದು" ಎಂದು ಮಗಳು ಕುರ್ಚಿಯ ಕಾಲಿಗೆ ಕಾಲು ಸುತ್ತಿ ನಿಂತಳು. ಮೊಂಡುತನ ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ, ವಂಶದಲ್ಲೇ ಇದೆ.

"ಮಾವ" ಎಂದಳು ಅವಳು. "ಇವಳು ಬರಲ್ಲ. ಇವಳು ಬರದೆ ನಾನೂ ಹೋಗಲ್ಲ. ನೀವು ಹೇಗೆ ಹೇಳ್ತೀರೋ ಹಾಗೆ."

ಮಾವ ತಲೆ ಎತ್ತಿ ತೊಲೆ ನೋಡಿದರು. ಮಗುವಿನ ಕೂದಲಲ್ಲಿದ್ದ ಬಿಳಿ ಹುಡಿ ನೋಡಿದರು. ಅದನ್ನು ಬೆರಳಲ್ಲಿ ಒರೆಸಿ, ಬೆರಳು ಉಜ್ಜಿ ನೋಡಿದರು. ಸುಣ್ಣವೋ ಕಾಂಕ್ರೀಟೋ ಎಂಬುದು ಅವರ ಬೆರಳಿಗೆ ಗೊತ್ತಾಗದೆ ಇರುವುದಿಲ್ಲ. ಎದ್ದು ಮಗುವನ್ನು ಎತ್ತಿಕೊಂಡರು. ಮಂಡಿ ನೋವಿನ ಮನುಷ್ಯ ಅಷ್ಟು ಬೇಗ ಬಾಗಿಲು ದಾಟಿದ್ದನ್ನು ಯಾರೂ ಕಂಡಿರಲಿಲ್ಲ.

ಮೈದಾನದಲ್ಲಿ ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ಅವಳು ಈಗ ನಿಜ ಹೇಳಿದಳು. ತೊಲೆ ಸೀಳಿದೆ, ಕಾರ್ಡು ಒಳಗೆ ಹೋಗುತ್ತೆ, ಯಾರೂ ಒಳಗೆ ಹೋಗಬೇಡಿ. ಯಾರೋ ಕಿಸಕ್ಕೆಂದರು. "ಮೇಡಂ, ಅಷ್ಟೆ ತಾನೆ? ಇನ್ನೊಂದು ಕಂಬಿ ಹಾಕಿಸೋಣ ಬಿಡಿ." ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಆದರೂ ಇಂಜಿನಿಯರುಗಳಲ್ಲವೆ, ನಗುತ್ತಲೇ ಎಲ್ಲರೂ ಕಟ್ಟಡದ ಕಡೆ ತಿರುಗಿ ನಿಂತರು.

ಕಟ್ಟಡ ನೆಟ್ಟಗೆ ನಿಂತಿತ್ತು. ಕಿಟಕಿಯ ಗಾಜಿನ ಮೇಲೆ ಸಂಜೆ ಬಿಸಿಲು ಬಿದ್ದು ಎಂದಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು. ಹೊತ್ತು ಸರಿಯಿತು. ಒಂದು ಹೆಂಚೂ ಅಲುಗಲಿಲ್ಲ. ಅವಳು ಕಣ್ಣು ಪಿಳುಕಿಸದೆ ನೋಡುತ್ತ ನಿಂತವಳು, ತನ್ನೊಳಗೆ ಏನು ನಡೆಯುತ್ತಿದೆ ಎಂದು ಗೊತ್ತಾಗಿ ಬೆಚ್ಚಿದಳು. ಬೀಳು ಎನ್ನುತ್ತಿದ್ದಳು. ಒಳಗೆ ಯಾರೂ ಇಲ್ಲ, ಈಗಲಾದರೂ ಬಿದ್ದುಬಿಡು, ನನ್ನ ಮಾನ ಉಳಿಸು. ಜೀವಮಾನವಿಡೀ ಕಟ್ಟಡ ನಿಲ್ಲಲಿ ಎಂದು ಬೇಡಿಕೊಂಡವಳು ಈಗ ಬೀಳಲಿ ಎಂದು ಬೇಡುತ್ತಿದ್ದಳು. ಆವತ್ತಿನ ಹೆದರಿಕೆಗಳಲ್ಲೆಲ್ಲ ಕೆಟ್ಟದ್ದು ಅದೇ.

"ಸಾಕಾಯ್ತಪ್ಪ" ಎಂದ ಕಾರ್ಯದರ್ಶಿ. "ಏನೂ ಆಗಿಲ್ಲ. ಮೇಡಂ, ಬೇಜಾರು ಮಾಡ್ಕೋಬೇಡಿ, ನಿಮ್ಮ ಕ್ಯೂಬು ಒಳಗೇ ಇದೆ, ನಾನೇ ತಗೊಂಡು ಹೋಗಿ ಇಟ್ಟು ಬರ್ತೀನಿ. ಯಾರ‍್ಯಾರು ಬರ್ತೀರಿ?" ನಾಲ್ಕೈದು ಜನ ನಗುತ್ತ ಅವನ ಹಿಂದೆ ಹೊರಟರು. ಅವಳು ಅವನ ತೋಳು ಹಿಡಿದಳು. ಅವನು ಮೆಲ್ಲಗೆ, ಹುಷಾರಿಲ್ಲದವರ ಕೈ ಬಿಡಿಸುವ ಹಾಗೆ, ಬಿಡಿಸಿಕೊಂಡ.

ಅವಳು ಮಾವನ ಕಡೆ ತಿರುಗಿದಳು. ಅವರು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದರೆ ಅವಳು ಹುಚ್ಚಿ, ಅವರು ಅಧ್ಯಕ್ಷರು, ನಾಳೆ ಗುಟ್ಟಾಗಿ ಎಲ್ಲ ಕೆಳಗಿಳಿಸಿ, ಬಿರುಕಿಗೆ ಗಾರೆ ಮೆತ್ತಬಹುದು. ಮಾವ ಮಗುವನ್ನು ಕೆಳಗಿಳಿಸಿದರು. ನಡೆದುಹೋಗಿ ಬಾಗಿಲ ಮುಂದೆ, ಕಾರ್ಯದರ್ಶಿಗೆ 'ದಾರಿ ಬಿಡಿ ಸರ್' ಎಂದು ನಗುವುದಕ್ಕೂ ಆಗದ ಹಾಗೆ, ಎರಡೂ ಕೈ ಚಾಚಿ ಅಡ್ಡ ನಿಂತರು.

"ಅವಳು ಹೇಳಿದ್ದು ನಿಜ" ಎಂದರು. "ಬಿರುಕು ಎರಡು ವರ್ಷದಿಂದ ಇದೆ. ನನಗೆ ಗೊತ್ತಿತ್ತು. ಗಾಜು ಅಂಟಿಸಿ ಫಲಕ ಮುಚ್ಚಿದೋನು ನಾನೇ. ಕ್ಯೂಬು ಮೇಲೆ ಹೋಗದ ಹಾಗೆ ನೆಪ ಹೇಳ್ಕೊಂಡು ಬಂದೆ, ನಿಜ ಹೇಳಲಿಲ್ಲ. ಇವತ್ತು ಗಾಜು ಒಡೆದಿದೆ. ಈ ಕಟ್ಟಡದೊಳಗೆ ಇನ್ನು ಯಾರೂ ಕಾಲಿಡಬಾರದು. ಅಧ್ಯಕ್ಷ ಹೇಳ್ತಿಲ್ಲ. ಇದರ ಲೆಕ್ಕ ಹಾಕಿದೋನು ಹೇಳ್ತಿದೀನಿ."

ಒಬ್ಬರೂ ನಗಲಿಲ್ಲ. ಕಾರ್ಯದರ್ಶಿಯ ಮುಖದ ರಕ್ತ ಇಳಿದುಹೋಯಿತು. "ಸರ್, ಬೆಳಿಗ್ಗೆ ನಾನು... ಅಷ್ಟೂ ಕ್ಯೂಬು... ನಡುವಲ್ಲೇ..." ಎಂದು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

"ನೀನೇನು ಮಾಡ್ತೀಯಪ್ಪ? ನಾನು ಬಾಯಿ ಬಿಟ್ಟಿದ್ರೆ ನೀನ್ಯಾಕೆ ಇಡಿಸ್ತಿದ್ದೆ."

ಸದಸ್ಯರು ಒಬ್ಬೊಬ್ಬರೇ ಹಿಂದೆ ಸರಿದರು. ತಮ್ಮ ತಮ್ಮ ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಎಲ್ಲರದೂ ಒಂದೊಂದು, ಎರಡೆರಡು ಕ್ಯೂಬು ಆ ಕೋಣೆಯಲ್ಲಿದ್ದವು. ಯಾರು ಯಾರನ್ನು ಬೈಯುವುದು? ಯಾರೋ ಹಗ್ಗ ತಂದು ಬಾಗಿಲ ಮುಂದೆ ಅಡ್ಡ ಕಟ್ಟತೊಡಗಿದರು.

ಮಾವ ಮೈದಾನದ ಅಂಚಿನ ಕಲ್ಲುಬೆಂಚಿಗೆ ಬಂದು ಕೂತರು. ಅವಳು ಮಗಳ ಕೈ ಹಿಡಿದು ಪಕ್ಕದಲ್ಲಿ ಕೂತಳು. ಅವರು ಎದೆ ನೀವಿಕೊಳ್ಳುತ್ತಿದ್ದರು. ಅವರು ಬೈಯಬಹುದು, ಪೆನ್ಸಿಲ್ ಕೆಳಗಿಟ್ಟ ಹಾಗೆ ಒಂದು ಸಲ ನೋಡಬಹುದು ಎಂದು ಅವಳು ಕಾದಳು.

"ಏನೇ" ಎಂದರು ಕೊನೆಗೆ, ಕಟ್ಟಡದಿಂದ ಕಣ್ಣು ತೆಗೆಯದೆ. "ಎರಡು ವರ್ಷ ನನಗೆ ನಿದ್ದೆಯಿಲ್ಲ. ರಾತ್ರಿ ಎದ್ದು ಕೂತ್ಕೋತೀನಿ. ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ. ನಿಂಗೆ ಯಾವಾಗ್ಲೂ ಹೀಗೇ ಆಗೋದಾ?"

"ಹೂಂ ಮಾವ."

"ಪ್ರತಿ ಕಟ್ಟಡಕ್ಕೂ?"

"ಪ್ರತಿ ಕಟ್ಟಡಕ್ಕೂ."

ಮಾವ ಕಟ್ಟಡದಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು. "ನಾನು ನಗ್ತಿದ್ದೆ" ಎಂದರು.

ಅವಳಿಗೆ ಅಳು ಒತ್ತರಿಸಿ ಬಂತು. "ನೀರು ತರ್ತೀನಿ ಮಾವ, ಕೂತಿರಿ" ಎಂದು ಏಳಲು ಹೋದಳು. ಮಾವ ಅವಳ ಸೆರಗಿನ ತುದಿ ಹಿಡಿದುಕೊಂಡರು, ಸಂತೆಯಲ್ಲಿ ಕಳೆದುಹೋಗಲು ಹೆದರುವ ಮಗುವಿನಂತೆ.

"ನೀರು ಬೇಡ. ಇಲ್ಲೇ ಇರು."

ಅವಳು ಕೂತಳು.